ನಳ ಬರುವ ಮೊದಲೇ ಎಚ್ಚರ, ಹಗಲೆಲ್ಲ ತೂಕಡಿಕೆ: ನೀವೆಲ್ಲ ನಿದ್ದೆಗೆ ಏನು ಮಾಡುತ್ತೀರಿ?

ನಿದ್ದೆಗೆಟ್ಟವಳು, ಕಲಬುರಗಿ
ಏಪ್ರಿಲ್ 11, ರಾತ್ರಿ 2:50

ಈ ಹೊತ್ತಿನಲ್ಲಿ ಬರೆಯುತ್ತಿದ್ದೇನೆ ಅಂದರೆ ಕಷ್ಟ ಏನು ಅಂತ ಅರ್ಧ ನಿಮಗೇ ತಿಳಿದಿರುತ್ತದೆ.

ನನಗೆ 41 ವರ್ಷ. ಒಂದು ಕಚೇರಿಯಲ್ಲಿ ಗುಮಾಸ್ತೆ. ಮನೆಯಲ್ಲಿ ಅತ್ತೆ, ಗಂಡ, ಇಬ್ಬರು ಮಕ್ಕಳು. ಫೆಬ್ರವರಿಯಿಂದ ನಿದ್ದೆ ಹಾಳಾಗಿದೆ. ಹತ್ತೂವರೆಗೆ ಹಾಸಿಗೆಗೆ ಬೀಳುತ್ತೇನೆ. ಕೈಕಾಲು ಸೋತು ಹೋಗಿರುತ್ತವೆ, ಆದರೂ ಕಣ್ಣು ಹತ್ತುವುದಿಲ್ಲ. ಕಾಲೊಳಗೆ ಇರುವೆ ಹರಿದಂತೆ ಆಗುತ್ತದೆ. ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಕಮ್ಮಿ, ಮಲಗಿದರೆ ಮತ್ತೆ ಶುರು. ಹನ್ನೆರಡೂವರೆಗೋ ಒಂದಕ್ಕೋ ಜೋಂಪು ಹತ್ತಿದರೆ ಆಮೇಲೆ ನಳದ ಚಿಂತೆ.

ನಮ್ಮ ಓಣಿಗೆ ನೀರು ಐದಾರು ದಿನಕ್ಕೊಮ್ಮೆ. ಹೊತ್ತು ಗೊತ್ತಿಲ್ಲ. ಒಮ್ಮೆ ರಾತ್ರಿ ಎರಡಕ್ಕೆ, ಒಮ್ಮೆ ನಾಲ್ಕಕ್ಕೆ. ಅದಕ್ಕೆ ನಳ ಬಿಚ್ಚಿಟ್ಟು, ಕೆಳಗೆ ಸ್ಟೀಲಿನ ಬೋಗುಣಿ ಬೋರಲು ಹಾಕಿ ಮಲಗುತ್ತೇನೆ. ನೀರಿಗಿಂತ ಮೊದಲು ನಳ ಗಾಳಿ ಉಗುಳುತ್ತದೆ, ಖರ್ ಖರ್ ಅಂತ. ಆಮೇಲೆ ಬೋಗುಣಿ ಮೇಲೆ ಟಣ್, ಟಣ್. ಎರಡನೇ ಹನಿ ಬೀಳುವಷ್ಟರಲ್ಲಿ ನಾನು ಅಂಗಳದಲ್ಲಿ. ತಮಾಷೆ ಅಂದರೆ, ನೀರು ಬಾರದ ರಾತ್ರಿಯೂ ಆ ಸದ್ದು ಕೇಳಿದಂತಾಗಿ ಎಚ್ಚರವಾಗುತ್ತದೆ. ಈಗ ಆಗಿರುವುದೂ ಅದೇ.

ಏಪ್ರಿಲ್, ಮೇ ಎರಡು ತಿಂಗಳು ಬಿಸಿಲಿಗೆ ನಮ್ಮ ವಿಭಾಗದಲ್ಲಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಅಲ್ವಾ, 5ಕ್ಕೆ ಏಳಲೇಬೇಕು. ಹನ್ನೊಂದಕ್ಕೆ ಕಡತದ ಮೇಲೆ ತಲೆ ಬೀಳುತ್ತದೆ. ಮೊನ್ನೆ ಒಂದೇ ಅರ್ಜಿಗೆ ಎರಡು ಸಲ ನಂಬರ್ ಹಾಕಿದ್ದೇನೆ. ಮನೆಗೆ ಬಂದರೆ ಮಕ್ಕಳ ಮೇಲೆ ಸುಮ್ನೆ ರೇಗುತ್ತೇನೆ. ಫೋನ್ ದೂರ ಇಟ್ಟೆ, ಹಾಲಿಗೆ ಅರಿಶಿನ ಹಾಕಿ ಕುಡಿದೆ, ಅಂಗಾಲಿಗೆ ಎಣ್ಣೆ ತಿಕ್ಕಿದೆ. ಏನೂ ಆಗಿಲ್ಲ. ನಿದ್ದೆ ಗುಳಿಗೆ ತೆಗೆದುಕೊಂಡು ನೋಡಲೇ ಅಂತ ಯೋಚನೆ. ಯಾರಿಗಾದರೂ ಹೀಗೆ ಆಗಿದ್ದರೆ ಹೇಳಿ.

ತೊಗರಿ ಹೊಲ, ಚಿತ್ತಾಪುರ
ಏಪ್ರಿಲ್ 11, ಬೆಳಿಗ್ಗೆ 6:15

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ ಅಕ್ಕಾ. ಒಂದು ವಾರ ನಮ್ಮ ಹೊಲಕ್ಕೆ ಬಂದು ತೊಗರಿ ಕಟ್ಟಿಗೆ ಹೊರಿ, ಹಾಸಿಗೆ ಹಾಸುವ ಮೊದಲೇ ಗೊರಕೆ ಹೊಡೀತೀರಿ. ಕುರ್ಚಿ ಕೆಲಸದವರದ್ದೇ ಈ ರೋಗ.

ನಿದ್ದೆಗೆಟ್ಟವಳು, ಕಲಬುರಗಿ

ಆ ಗಾದೆ ಮಾಡಿದವರ ಮನೆಗೆ ರಾತ್ರಿ ಮೂರಕ್ಕೆ ನಳ ಬರುತ್ತಿರಲಿಲ್ಲ ಅಣ್ಣಾ. ಬೆಳಿಗ್ಗೆ ಇಪ್ಪತ್ತು ರೊಟ್ಟಿ ಬಡಿದೇ ನಾನು ಆ ಕುರ್ಚಿಗೆ ಹೋಗುವುದು.

ಕೋಟೆ ಮಾಸ್ತರ, ಬೀದರ್
ಏಪ್ರಿಲ್ 11, ಬೆಳಿಗ್ಗೆ 9:40

ತಂಗೀ, ಮೊದಲು ಒಂದು ಮಾತು. ನಿಮ್ಮದು ಆರ್‌ಸಿಸಿ ಛತ್ತೋ, ಹಳೆಯ ಮಣ್ಣಿನ ಮಾಳಿಗೆಯೋ?

ಯಾಕೆ ಕೇಳಿದೆ ಅಂದರೆ, ನಿದ್ದೆ ಬರಬೇಕಾದರೆ ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಸಂಜೆಯಾದ ಮೇಲೆ ಅದು ತಾನಾಗಿಯೇ ಇಳಿಯುತ್ತದೆ, ಅಂಗೈ ಅಂಗಾಲಿನಿಂದ ಕಾವು ಹೊರಗೆ ಹೋಗುತ್ತದೆ. ಹೊರಗೂ ಕಾವೇ ಇದ್ದರೆ ಹೋಗುವುದೆಲ್ಲಿಗೆ? ಸಿಮೆಂಟಿನ ಛತ್ತು ಹಗಲಿಡೀ ಬಿಸಿಲು ಕುಡಿದು ರಾತ್ರಿ ಅದನ್ನು ಖೋಲಿಯೊಳಗೆ ಬಿಡುತ್ತದೆ. ಹತ್ತು ಗಂಟೆಗೆ ಮಾಳಿಗೆ ಮೇಲೆ ಗಾಳಿ ಆಡುತ್ತಿದ್ದರೂ ಒಳಗೆ ಒಲೆ ಮುಂದೆ ಕೂತಂತೆ. ನಮ್ಮ ಹಿರಿಯರ ಮನೆಗಳಲ್ಲಿ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು, ಕೆಳಗೆ ಶಹಾಬಾದ್ ಫರ್ಸಿ. ಬಿಸಿಲು ಒಳಗೆ ಇಳಿಯುವಷ್ಟರಲ್ಲಿ ಬೆಳಗಾಗುತ್ತಿತ್ತು. ಅದನ್ನೆಲ್ಲ ಕೆಡವಿ ಡಬ್ಬಿ ಕಟ್ಟಿಕೊಂಡೆವು. ಇರಲಿ.

ಸಂಜೆ ಛತ್ತಿಗೆ ನೀರು ಹೊಡೆಯಿರಿ ಅಂತ ಬರೆಯಲು ಹೊರಟಿದ್ದೆ. ನಿಮಗೆ ಕುಡಿಯಲೇ ನೀರಿಲ್ಲ, ಬೇಡ. ಸುಣ್ಣ ಹಚ್ಚಿಸಿ, ಅಂಟು ಬೆರೆಸಿ ಎರಡು ಕೈ. ಬಿಳಿ ಛತ್ತು ಬಿಸಿಲನ್ನು ವಾಪಸ್ ಕಳಿಸುತ್ತದೆ. ಕೂಲರ್ ಇದ್ದರೆ ಕಿಟಕಿಯಲ್ಲಿಟ್ಟು, ಎದುರಿನ ಬಾಗಿಲು ಸ್ವಲ್ಪ ತೆರೆದಿಡಿ. ಎಲ್ಲ ಮುಚ್ಚಿ ಕೂಲರ್ ಹಾಕಿದರೆ ಖೋಲಿ ಹಬೆಯ ಪಾತ್ರೆಯಾಗುತ್ತದೆ. ನಮ್ಮ ಬೇಸಿಗೆ ಒಣ ಬೇಸಿಗೆ, ಅದಕ್ಕೇ ಕೂಲರ್ ನಡೆಯುತ್ತದೆ. ಜೂನ್ ಮಳೆ ಬಿದ್ದ ಮೇಲೆ ಅದರಿಂದ ಉಪಯೋಗವಿಲ್ಲ. ಇನ್ನು, ಮಲಗುವ ಒಂದೆರಡು ತಾಸು ಮೊದಲು ಉಗುರುಬೆಚ್ಚಗಿನ ನೀರಿನ ಸ್ನಾನ. ತಣ್ಣೀರಲ್ಲ. ಬೆಚ್ಚಗಿನ ನೀರಿಗೆ ಚರ್ಮದ ನಾಳ ಹಿಗ್ಗಿ ಒಳಗಿನ ಕಾವು ಬೇಗ ಹೊರಬೀಳುತ್ತದೆ. ಎರಡು ತಂಬಿಗೆ ಸಾಕು.

ಬೀದರ್ ನಿಮ್ಮೂರಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ. ಇಲ್ಲಿ ಮೇ ತಿಂಗಳಲ್ಲೂ ನಸುಕಿನಲ್ಲಿ ಕೌದಿ ಹೊದೆಯುತ್ತೇವೆ ಅಂತ ಹೇಳಿ ಹೊಟ್ಟೆ ಉರಿಸುವುದಿಲ್ಲ.

ನಿದ್ದೆಗೆಟ್ಟವಳು, ಕಲಬುರಗಿ

ಹೇಳಿಯೇ ಬಿಟ್ಟಿರಲ್ಲ ಸರ್. ನಮ್ಮದು ಆರ್‌ಸಿಸಿ. ಮಾಳಿಗೆ ಮೇಲೆ ಮಲಗಬಹುದು, ಆದರೆ ಅಲ್ಲಿ ನಳದ ಸದ್ದು ಕೇಳುವುದಿಲ್ಲ.

ಸಿ ಪಾಳಿ, ಸೇಡಂ
ಏಪ್ರಿಲ್ 12, ಬೆಳಿಗ್ಗೆ 7:05

ಈಗಷ್ಟೇ ಪಾಳಿ ಮುಗಿಸಿ ಬಂದೆ. ಸಿಮೆಂಟ್ ಕಾರ್ಖಾನೆಯಲ್ಲಿ ಹದಿಮೂರು ವರ್ಷ. ವಾರಕ್ಕೊಂದು ಪಾಳಿ ಬದಲಾಗುತ್ತದೆ. ನಿದ್ದೆ ಬಗ್ಗೆ ಪಿಎಚ್‌ಡಿ ಕೊಡುವುದಾದರೆ ನನಗೇ ಕೊಡಬೇಕು.

ಅಕ್ಕಾ, ನೀವು ಒಂದು ವಿಷಯ ಬರೆದಿಲ್ಲ. ಮಧ್ಯಾಹ್ನ 1:30ಕ್ಕೆ ಕಚೇರಿ ಬಿಟ್ಟು ಮನೆಗೆ ಬಂದು ಏನು ಮಾಡುತ್ತೀರಿ? ಮಲಗುತ್ತೀರಲ್ವಾ?

ಅಲ್ಲೇ ಇದೆ ಗಂಟು. ನಿದ್ದೆಗೂ ಹಸಿವು ಇರುತ್ತದೆ. ಎಚ್ಚರ ಇದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಅನ್ನುವ ಪದಾರ್ಥ ಕೂಡುತ್ತಾ ಹೋಗುತ್ತದೆ. ಅದು ಕೂಡಿದಷ್ಟೂ ಕಣ್ಣು ಎಳೆಯುತ್ತದೆ. ಮಲಗಿದರೆ ಅದು ಕರಗುತ್ತದೆ. ಮಧ್ಯಾಹ್ನ ಎರಡು ತಾಸು ಮಲಗಿ ಅದನ್ನು ಕರಗಿಸಿಬಿಟ್ಟರೆ, ಸಂಜೆ ಆರಕ್ಕೆ ನಾಲ್ಕು ಮಿರ್ಚಿ ಭಜಿ ತಿಂದು ಎಂಟಕ್ಕೆ ಊಟಕ್ಕೆ ಕೂತಂತೆ. ತಟ್ಟೆ ಮುಂದಿದ್ದರೂ ಹಸಿವಿಲ್ಲ. ಚಹಾ ಮಾಡುವುದೂ ಇದೇ ಕೆಲಸ, ಬೇರೆ ರೀತಿಯಲ್ಲಿ. ಅಡೆನೋಸಿನ್ ಕೂರುವ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ. ಸಂಜೆ ಆರಕ್ಕೆ ಕುಡಿದ ಚಹಾದ್ದು ರಾತ್ರಿ ಹನ್ನೊಂದಕ್ಕೂ ಹೆಚ್ಚುಕಮ್ಮಿ ಅರ್ಧ ಮೈಯಲ್ಲೇ ಇರುತ್ತದೆ.

ಹಗಲು ನಿದ್ದೆ ಬೇಡವೇ ಬೇಡ ಅನ್ನುತ್ತಿಲ್ಲ. 20 ನಿಮಿಷ, ಅಲಾರಂ ಇಟ್ಟು, ಮೂರರೊಳಗೆ. ಅದಕ್ಕಿಂತ ಜಾಸ್ತಿ ಆದರೆ ಗಾಢ ನಿದ್ದೆಯಿಂದ ಏಳಬೇಕಾಗಿ ತಲೆ ಭಾರ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಭಾನುವಾರವೂ ಬದಲಿಸಬೇಡಿ. ಮಲಗುವ ಹೊತ್ತು ನಮ್ಮ ಕೈಯಲ್ಲಿಲ್ಲ, ಏಳುವ ಹೊತ್ತು ಇದೆ.

ದಣಿವನ್ನು ಹಗುರ ಮಾಡಬೇಡಿ ಅಂತ ನನ್ನದೊಂದು ಕಥೆ. ಮೂರು ವರ್ಷದ ಹಿಂದೆ ಡಬಲ್ ಪಾಳಿ ಮಾಡಿ ಬೈಕಿನಲ್ಲಿ ಬರುತ್ತಿದ್ದೆ. ಬೆಳಿಗ್ಗೆ ಆರೂವರೆ, ಸೂರ್ಯ ಎದುರಿಗೆ, ರಸ್ತೆ ಖಾಲಿ. ಕಣ್ಣು ಮುಚ್ಚಿದ್ದು ನೆನಪಿಲ್ಲ. ತೆರೆದಾಗ ಜಾಲಿ ಕಂಟಿಯಲ್ಲಿದ್ದೆ. ಹೆಲ್ಮೆಟ್ಟಿನೊಳಗೆ ಮಣ್ಣು, ಬೈಕ್ ಇನ್ನೂ ಚಾಲೂ. ಮುಂಗೈ ಮುರಿದಿತ್ತು. ಸತತ 17 ತಾಸು ಎಚ್ಚರ ಇದ್ದವನ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇದ್ದವನಷ್ಟೇ ಮಂದ ಅಂತ ಆಮೇಲೆ ಓದಿದೆ. ನಮ್ಮ ದೇಶದಲ್ಲಿ ಗಾಡಿ ಓಡಿಸಲು ಇರುವ ಮಿತಿಯೇ ಶೇ 0.03. ಕುಡಿಯದೆಯೇ ಕುಡಿದಂತೆ ಬಂದಿದ್ದೆ ನಾನು. ಈಗ ರಾತ್ರಿ ಪಾಳಿ ಮುಗಿದ ಮೇಲೆ ಕ್ಯಾಂಟೀನ್ ಬೆಂಚಿನ ಮೇಲೆ ಅರ್ಧ ತಾಸು ಮಲಗಿಯೇ ಬೈಕ್ ಹತ್ತುವುದು. ಕಪ್ಪು ಕನ್ನಡಕ ಹಾಕಿಕೊಂಡು ಬರುತ್ತೇನೆ, ಹುಡುಗರು ಹೀರೋ ಅಂತ ನಗುತ್ತಾರೆ. ಬೆಳಗಿನ ಬಿಸಿಲು ಕಣ್ಣಿಗೆ ಬಿದ್ದರೆ ಮೈ ಗಡಿಯಾರ "ಹಗಲಾಯ್ತು" ಅಂದುಕೊಳ್ಳುತ್ತದೆ, ಮನೆಗೆ ಬಂದರೆ ನಿದ್ದೆ ಹತ್ತುವುದಿಲ್ಲ.

ನಿದ್ದೆಗೆಟ್ಟವಳು, ಕಲಬುರಗಿ

ಸಿಕ್ಕಿಬಿದ್ದೆ. ಮೂರರಿಂದ ಐದೂವರೆ ಮಲಗುತ್ತೇನೆ. ಎದ್ದ ಮೇಲೆ ದೊಡ್ಡ ಲೋಟದಲ್ಲಿ ಚಹಾ. ಆದರೆ ಕಷ್ಟ ಶುರುವಾದದ್ದು ಫೆಬ್ರವರಿಯಲ್ಲಿ ಅಣ್ಣಾ, ಆಗ ಕಚೇರಿ ಸಂಜೆವರೆಗೆ ಇತ್ತು. ಹಗಲು ನಿದ್ದೆ ಪೂರ್ತಿ ಕಾರಣ ಅಲ್ಲ ಅನಿಸುತ್ತದೆ.

ಲೈಬ್ರರಿ ಹುಡುಗ, ಕಲಬುರಗಿ

ಪರೀಕ್ಷೆಗೆ ಓದುತ್ತಾ ರಾತ್ರಿ 11ಕ್ಕೆ ಚಹಾ, 1ಕ್ಕೆ ಇನ್ನೊಂದು. ಮೇಲಿನದನ್ನು ಓದಿ ಈಗ ಲೋಟ ಕೆಳಗಿಟ್ಟೆ. ಅರ್ಧ ಕುಡಿದಾಗಿತ್ತು.

ಬೆಟ್ಟದ ಕೆಳಗೆ, ಶಹಾಪುರ
ಏಪ್ರಿಲ್ 12, ರಾತ್ರಿ 9:30

ನಾನು ಔಷಧಿ ಅಂಗಡಿಯವನು. ನಮ್ಮೂರಿನಲ್ಲಿ ಬುದ್ಧ ಮಲಗಿದ ಬೆಟ್ಟ ಇದೆ, ಎಲ್ಲರಿಗೂ ಗೊತ್ತು. ಅದನ್ನು ನೋಡಿಯೇ ನಿದ್ದೆ ಬರುವ ಹಾಗಿದ್ದರೆ ರಾತ್ರಿ ಶಟರ್ ಎಳೆಯುವ ಹೊತ್ತಿಗೆ ನನ್ನ ಅಂಗಡಿ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. "ಏನಾದರೂ ಒಂದು ಕೊಡ್ರಿ, ಮಲಗಿದರೆ ಸಾಕು" ಅಂತಾರೆ.

ಮೇಡಂ, ಗುಳಿಗೆ ಯೋಚನೆ ಮಾಡುತ್ತಿದ್ದೀರಿ ಅಂತ ಬರೆಯುತ್ತಿದ್ದೇನೆ. ಆಲ್‌ಪ್ರಜೋಲಾಂ ಥರದ ನಿದ್ದೆ ಗುಳಿಗೆಗಳು ಔಷಧಿ ಕಾನೂನಿನ ಎಚ್1 ಪಟ್ಟಿಯವು. ವೈದ್ಯರ ಚೀಟಿ ಬೇಕೇಬೇಕು. ಕೊಂಡವರ ಹೆಸರು, ಬರೆದ ವೈದ್ಯರ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಸುಮ್ನೆ ಮಾಡಿದ ಕಾನೂನಲ್ಲ ಅದು. ಮೊದಲ ವಾರ ಚಲೋ ಅನಿಸುತ್ತದೆ. ಆಮೇಲೆ ಅರ್ಧ ಗುಳಿಗೆ ಸಾಲದು, ಒಂದು ಬೇಕು. ಬಹಳ ದಿನ ತೆಗೆದುಕೊಂಡವರು ದಿಢೀರ್ ನಿಲ್ಲಿಸಿದರೆ ಕೈ ನಡುಕ, ದಿಗಿಲು, ಕೆಲವರಿಗೆ ಫಿಟ್ಸ್ ಕೂಡ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ಬಿಸಾಡಬೇಡಿ. ವೈದ್ಯರ ಹತ್ತಿರ ಹೋಗಿ ಸ್ವಲ್ಪ ಸ್ವಲ್ಪವಾಗಿ ಇಳಿಸಿಕೊಳ್ಳಿ.

ಇನ್ನು ಕುಡಿದು ಮಲಗುವವರು. ಬೇಗ ಕಣ್ಣು ಮುಚ್ಚುತ್ತದೆ ನಿಜ, ಆದರೆ ಎರಡು ಮೂರು ಗಂಟೆಗೆ ತಟ್ಟನೆ ಎಚ್ಚರ, ಆಮೇಲೆ ಹೊರಳಾಟ. ನಮ್ಮ ಗಡಿ ಕಡೆ ಕಲಬೆರಕೆ ಸೇಂದಿಯ ಕಥೆ ಗೊತ್ತಲ್ಲ, ಸಿ.ಎಚ್. ಪೌಡರ್ ಹಾಕಿದ್ದು. ಸಿ.ಎಚ್. ಅಂದರೆ ಕ್ಲೋರಲ್ ಹೈಡ್ರೇಟ್. ಅದೂ ಒಂದು ಕಾಲದ ನಿದ್ದೆ ಔಷಧಿಯೇ. ಒಂದು ದಿನ ಸೇಂದಿ ಸಿಗದಿದ್ದರೆ ಜನ ಹುಚ್ಚು ಹಿಡಿದಂತೆ ಆಡುವುದು ಇದಕ್ಕೇ.

ವಾರ್ಡಿನ ಅಕ್ಕ, ಕಲಬುರಗಿ
ಏಪ್ರಿಲ್ 13, ನಸುಕು 4:20

ನರ್ಸ್ ನಾನು. ವಾರ್ಡು ಈಗ ಶಾಂತ ಇದೆ, ಅದಕ್ಕೆ ಪೂರ್ತಿ ಓದಿದೆ. ಎಲ್ಲರೂ ನಳ, ಛತ್ತು, ಚಹಾ ಅಂದಿರಿ. ಮೊದಲ ಪೋಸ್ಟಿನಲ್ಲಿ ಅವರು ಒಂದು ಸಾಲು ಬರೆದಿದ್ದಾರೆ, ಅದನ್ನು ಯಾರೂ ಹಿಡಿಯಲಿಲ್ಲ. "ಕಾಲೊಳಗೆ ಇರುವೆ ಹರಿದಂತೆ, ಓಡಾಡಿದರೆ ಕಮ್ಮಿ, ಮಲಗಿದರೆ ಮತ್ತೆ ಶುರು."

ತಂಗೀ, ಸಂಜೆ ಮೇಲೆ ಜಾಸ್ತಿ ಆಗುತ್ತದಾ? ಮುಟ್ಟು ಹೆಚ್ಚು ದಿನ ಹೋಗುತ್ತದಾ? ಮೆಟ್ಟಿಲು ಹತ್ತಿದರೆ ಎದೆ ಢವಢವ ಅನ್ನುತ್ತದಾ? ಹೌದು ಅಂದರೆ ಗುಳಿಗೆಯ ಮಾತು ಬಿಟ್ಟು ಮೊದಲು ರಕ್ತ ತಪಾಸಣೆ ಮಾಡಿಸಿ. ಹಿಮೋಗ್ಲೋಬಿನ್, ಅದರ ಜೊತೆ ಫೆರಿಟಿನ್. ಫೆರಿಟಿನ್ ಅಂದರೆ ಮೈಯಲ್ಲಿ ಕಬ್ಬಿಣದ ಗೋದಾಮು ಎಷ್ಟು ತುಂಬಿದೆ ಅನ್ನುವ ಲೆಕ್ಕ. ಕಬ್ಬಿಣ ಕಮ್ಮಿಯಾದರೆ ಕಾಲಿನ ಈ ಚಡಪಡಿಕೆ ಬರುತ್ತದೆ, ನಿದ್ದೆ ಕೆಡುತ್ತದೆ, ಹಗಲು ದಣಿವು. ಥೈರಾಯ್ಡ್, ಶುಗರ್, ಬಿ12 ಕೂಡ ನೋಡಿಸಿ. ಒಂದೇ ಸಲ ಸೂಜಿ ಚುಚ್ಚಿಸಿಕೊಂಡರೆ ಮುಗಿಯಿತು.

ಇನ್ನೊಂದು, ನಿದ್ದೆ ಬರಲಿ ಅಂತ ನೆಗಡಿ ಗುಳಿಗೆ ನುಂಗುವ ಅಭ್ಯಾಸ ಬಹಳ ಜನಕ್ಕಿದೆ. ಕಾಲು ಚಡಪಡಿಕೆ ಇದ್ದವರಿಗೆ ಅದು ಉಲ್ಟಾ, ಜಾಸ್ತಿ ಮಾಡುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 57 ಜನಕ್ಕೆ ರಕ್ತ ಕಮ್ಮಿ. ನೂರಕ್ಕೆ ಐವತ್ತೇಳು! "ನಂಗೆ ಸ್ವಲ್ಪ ಸುಸ್ತು ಅಷ್ಟೇ" ಅಂತ ಬರುತ್ತಾರೆ, ನೋಡಿದರೆ ಹಿಮೋಗ್ಲೋಬಿನ್ ಏಳು. ಏಳಿದ್ದೂ ರೊಟ್ಟಿ ಬಡಿಯುತ್ತಿರುತ್ತಾರೆ.

ಸ್ಟೇರಿಂಗ್, ಬಸವಕಲ್ಯಾಣ
ಏಪ್ರಿಲ್ 13, ಮಧ್ಯಾಹ್ನ

ಹೆಣ್ಣುಮಕ್ಕಳದ್ದು ಮಾತಾಯ್ತು, ಗಂಡಸರದ್ದೂ ಒಂದು ಕೇಳಿ. ನಾನು ಬಸ್ ಡ್ರೈವರ್. ರಾತ್ರಿ ಎಂಟು ತಾಸು ಮಲಗಿದರೂ ಹಗಲು ಸುಸ್ತು. ಹೆಂಡತಿ ಹೇಳುತ್ತಿದ್ದಳು, "ನಿಮ್ಮ ಗೊರಕೆ ನಡುವೆ ನಿಂತೇ ಹೋಗುತ್ತದೆ, ಆಮೇಲೆ ಗಕ್ ಅಂತ ಎದ್ದು ಕೂರುತ್ತೀರಿ" ಅಂತ. ನಾನು ನಕ್ಕುಬಿಡುತ್ತಿದ್ದೆ. ಒಂದು ರಾತ್ರಿ ಅವಳು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ಗೊರಕೆ, ಗೊರಕೆ, ಆಮೇಲೆ ಏನೂ ಇಲ್ಲ. ಫ್ಯಾನಿನ ಸದ್ದಷ್ಟೇ. ಎಣಿಸಿದೆ, ಇಪ್ಪತ್ತೆರಡು ಸೆಕೆಂಡ್. ನನ್ನದೇ ಉಸಿರು ಯಾವಾಗ ಬರುತ್ತದೆ ಅಂತ ನಾನೇ ಕಾಯುತ್ತಾ ಕೂತಿದ್ದೆ.

ಹೈದರಾಬಾದಿಗೆ ಹೋಗಿ ರಾತ್ರಿಯಿಡೀ ಮೈಗೆ ವೈರು ಹಚ್ಚಿಕೊಂಡು ಮಲಗುವ ಪರೀಕ್ಷೆ ಮಾಡಿಸಿದೆ. ಸ್ಲೀಪ್ ಆಪ್ನಿಯಾ ಅಂದರು. ಮಲಗಿದಾಗ ಗಂಟಲಿನ ದಾರಿ ಮುಚ್ಚುತ್ತದೆ, ಆಮ್ಲಜನಕ ಇಳಿಯುತ್ತದೆ, ಮಿದುಳು ಎಬ್ಬಿಸುತ್ತದೆ. ಎಬ್ಬಿಸಿದ್ದು ನಮಗೆ ನೆನಪೇ ಇರುವುದಿಲ್ಲ. ನನ್ನ ಬಿಪಿ ಇಳಿಯದೆ ಇದ್ದುದಕ್ಕೂ ಇದೇ ಕಾರಣ ಅಂದರು. ಈಗ ಗಾಳಿ ಒತ್ತುವ ಸಿಪ್ಯಾಪ್ ಮಷೀನ್ ಹಾಕಿಕೊಂಡು ಮಲಗುತ್ತೇನೆ, ಒಂಬತ್ತು ಕಿಲೋ ಇಳಿಸಿದ್ದೇನೆ. ಮೊಮ್ಮಗ ಆನೆ ಅಂತಾನೆ. ಅನ್ನಲಿ.

ಗೊರಕೆ ಹೊಡೆಯುವ ಚಾಲಕರು ಯಾರಿದ್ದರೂ, ದಯವಿಟ್ಟು ಹೆಂಡತಿ ಮಾತು ಕೇಳಿ.

ನಿದ್ದೆಗೆಟ್ಟವಳು, ಕಲಬುರಗಿ
ಏಪ್ರಿಲ್ 21, ರಾತ್ರಿ 8:40

ವಾರ್ಡಿನ ಅಕ್ಕ ಕೇಳಿದ ಮೂರಕ್ಕೂ ನನ್ನದು ಹೌದು. ಶುಕ್ರವಾರ ದವಾಖಾನೆಗೆ ಹೋಗಿ ರಕ್ತ ಕೊಟ್ಟು ಬಂದೆ. ವರದಿ ನಾಳೆ.

ಅಲ್ಲಿಯವರೆಗೆ ಸುಮ್ನೆ ಕೂರುವುದೇಕೆ ಅಂತ, ಕ್ಯಾಲೆಂಡರಿನ ಮಾರ್ಚ್ ಹಾಳೆ ಹರಿದು ಅದರ ಹಿಂದೆ ಏಳು ರಾತ್ರಿ ಲೆಕ್ಕ ಬರೆದೆ. ಎಚ್ಚರವಾದಾಗಲೆಲ್ಲ ಒಂದು ಗೀಟು, ಪಕ್ಕದಲ್ಲಿ ಯಾಕೆ ಅಂತ. ಒಟ್ಟು 19 ಸಲ ಎದ್ದಿದ್ದೇನೆ. ಅತ್ತೆಯನ್ನು ಸಂಡಾಸಿಗೆ ಕರೆದುಕೊಂಡು ಹೋಗಲು 5. ಸಣ್ಣವ ನೀರು ಕೇಳಿದ್ದು 3. ಕರೆಂಟು ಹೋಗಿದ್ದು 2. ನಳ ನಿಜವಾಗಿ ಬಂದದ್ದು 1. ನಳ ಬಂತೇನೋ ಅಂತ ಎದ್ದದ್ದು 8.

ಗಂಡನ ಹೆಸರಿನಲ್ಲೂ ಒಂದು ಸಾಲು ಹಾಕಿದ್ದೆ. ಅಲ್ಲಿ ಗೀಟೇ ಇಲ್ಲ.

ಬೆಳಿಗ್ಗೆ ಚಹಾ ಕೊಡುವಾಗ ಆ ಹಾಳೆಯನ್ನು ಲೋಟದ ಕೆಳಗೆ ಇಟ್ಟೆ, ಏನೂ ಮಾತಾಡಲಿಲ್ಲ. ಓದಿ, ತಿರುಗಿಸಿ ಮಾರ್ಚ್ ತಿಂಗಳು ನೋಡಿ, ಮತ್ತೆ ಓದಿದರು. "ನನ್ನನ್ನು ಎಬ್ಬಿಸಬೇಕಿತ್ತಲ್ಲ" ಅಂದರು. ಎಬ್ಬಿಸಲು ನಾನು ಏಳಲೇಬೇಕಲ್ಲ?

ತೊಗರಿ ಹೊಲ, ಚಿತ್ತಾಪುರ

ಅಕ್ಕಾ, ನಿಮ್ಮ ಲೆಕ್ಕ ಓದಿ ನಿನ್ನೆ ರಾತ್ರಿ ನಾನೂ ಎಚ್ಚರ ಇದ್ದೆ. ನಮ್ಮ ಅವ್ವ ಮೂರು ಸಲ ಎದ್ದಳು. ಒಂದು ಸಲ ನನಗೆ ಕೌದಿ ಹೊದಿಸಲು. ಮೊದಲು ಬರೆದದ್ದು ವಾಪಸ್ ತೆಗೆದುಕೊಳ್ಳುತ್ತೇನೆ.

ಕೋಟೆ ಮಾಸ್ತರ, ಬೀದರ್

ಅತ್ತೆಯವರಿಗೆ ರಾತ್ರಿ ಅಷ್ಟು ಸಲ ಮೂತ್ರ ಅಂದರೆ ಅವರ ಶುಗರ್ ನೋಡಿಸಿ. ಸಂಜೆ ಬಿಪಿ ಗುಳಿಗೆ ತೆಗೆದುಕೊಳ್ಳುತ್ತಾರಾ? ಅದು ಮೂತ್ರ ಇಳಿಸುವ ಗುಳಿಗೆಯಾದರೆ ಬೆಳಿಗ್ಗೆಗೆ ಬದಲಿಸಬಹುದಾ ಅಂತ ವೈದ್ಯರನ್ನು ಕೇಳಿ. ನನ್ನದು ಹಾಗೆ ಬದಲಿಸಿದ ಮೇಲೆ ಒಂದೇ ಸಲ ಏಳುತ್ತೇನೆ.

ಪೈಪು ಪಾನಾ, ಯಾದಗಿರಿ
ಏಪ್ರಿಲ್ 22

ನಿಮ್ಮ 19ರಲ್ಲಿ 9 ನಳದ್ದು. ಅದನ್ನು ಮನಸ್ಸಿಗೆ ಹೇಳಿಕೊಂಡು ಸರಿಮಾಡಲು ಆಗುವುದಿಲ್ಲ ಅಕ್ಕಾ, ಪೈಪಿಗೆ ಹೇಳಬೇಕು. ಅಂಗಳದಲ್ಲಿ ನಳಕ್ಕಿಂತ ತಗ್ಗಿನಲ್ಲಿ 500 ಲೀಟರಿನ ಟಾಕಿ ಇಡಿ, ಬೇಕಾದರೆ ಮೊಣಕಾಲುದ್ದ ಗುಂಡಿ ತೋಡಿಸಿ. ನಳದಿಂದ ಟಾಕಿಗೆ ನೇರ ಪೈಪ್, ಬಾಯಿಗೆ ಚೆಂಡಿನ ವಾಲ್. ನೀರು ಬಂದರೆ ತಾನೇ ತುಂಬುತ್ತದೆ, ತುಂಬಿದರೆ ಚೆಂಡು ಮೇಲೆದ್ದು ತಾನೇ ಮುಚ್ಚುತ್ತದೆ. ಒತ್ತಡ ಕಮ್ಮಿ ಇರುವ ಓಣಿಯಲ್ಲಿ ಟಾಕಿ ಎತ್ತರದಲ್ಲಿಟ್ಟರೆ ಹತ್ತುವುದಿಲ್ಲ, ಅದಕ್ಕೇ ತಗ್ಗು. ಮೋಟರ್ ಹಚ್ಚಿ ಎಳೆಯಬೇಡಿ, ಪಕ್ಕದ ಮನೆಯವರ ಪಾಲೂ ನಿಮಗೇ ಬರುತ್ತದೆ, ಆಮೇಲೆ ಜಗಳ. ಕುಡಿಯುವ ಎರಡು ಕೊಡ ಮಾತ್ರ ಬೆಳಿಗ್ಗೆ ಟಾಕಿಯಿಂದ ಸೋಸಿ ತುಂಬಿಕೊಳ್ಳಿ.

ಕಟ್ಟೆ ಮೇಲಿನವಳು, ಭಾಲ್ಕಿ
ಏಪ್ರಿಲ್ 23, ರಾತ್ರಿ 1:10

ನನ್ನದು ಪೈಪಿನಿಂದ ಸರಿಹೋಗುವುದಲ್ಲ. ಮನೆಯವರು ಲಕ್ವ ಹೊಡೆದು ಮಲಗಿ ಎರಡು ವರ್ಷ. ರಾತ್ರಿ ಎಲ್ಲ ಕೆಲಸ ಮುಗಿದು ಮನೆ ಶಾಂತವಾದಾಗಲೇ ತಲೆಯಲ್ಲಿ ಗದ್ದಲ ಶುರು. ಸಾಲ, ಮಗಳ ಫೀಸು, ನಾಳೆ ಗುಳಿಗೆ ತರಬೇಕು. ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟು ಏಳಿ ಅಂತ ಎಲ್ಲೋ ಓದಿದೆ. ಇರುವುದೇ ಎರಡು ಖೋಲಿ. ಎದ್ದು ಎಲ್ಲಿಗೆ ಹೋಗಲಿ?

ವಾರ್ಡಿನ ಅಕ್ಕ, ಕಲಬುರಗಿ

ಕಟ್ಟೆ ಮೇಲೆಯೇ ಕೂರಿ ಅಕ್ಕಾವ್ರೆ. ಸುಮ್ನೆ ಹೇಳುತ್ತಿಲ್ಲ. ಬೆಳಕು ಹಾಕದೆ, ಫೋನ್ ಇಲ್ಲದೆ, ಅಲ್ಲೇ. ಕಣ್ಣು ಎಳೆಯತೊಡಗಿದ ಮೇಲೆ ಒಳಗೆ ಬನ್ನಿ. ಹಾಸಿಗೆ ಅಂದರೆ ಹೊರಳಾಡುವ ಜಾಗ ಅಂತ ಮೈ ಕಲಿತುಬಿಟ್ಟಿರುತ್ತದೆ, ಅದನ್ನು ಮರೆಸಬೇಕು. ನಾಳೆಯ ಲೆಕ್ಕವನ್ನೆಲ್ಲ ಸಂಜೆ ಏಳಕ್ಕೇ ಒಂದು ಚೀಟಿಯಲ್ಲಿ ಬರೆದಿಟ್ಟುಬಿಡಿ. ವಾರಕ್ಕೆ ಮೂರು ರಾತ್ರಿಯಾದರೂ ಹೀಗೆ, ಮೂರು ತಿಂಗಳಿಗಿಂತ ಹೆಚ್ಚಾದರೆ ಅದಕ್ಕೆ ಸಿಬಿಟಿ-ಐ ಅನ್ನುವ ಚಿಕಿತ್ಸೆ ಇದೆ. ಮಾತು ಮತ್ತು ಅಭ್ಯಾಸದ ಚಿಕಿತ್ಸೆ, ಗುಳಿಗೆಗಿಂತ ಮೊದಲು ಅದನ್ನೇ ಮಾಡಬೇಕು ಅಂತಾರೆ.

ಮತ್ತೆ, ನಿಮಗೆ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ್ದು, 2022ರಲ್ಲಿ ಶುರುವಾಯಿತು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ರಾತ್ರಿ ಎರಡಕ್ಕೂ ಎತ್ತುತ್ತಾರೆ. ಒಂದು ರಾತ್ರಿ ಯಾರಾದರೂ ನಿಮ್ಮವರನ್ನು ನೋಡಿಕೊಂಡು, ನೀವು ಪೂರ್ತಿ ಮಲಗಲು ಆಗುತ್ತದಾ? ತಂಗಿ, ನಾದಿನಿ ಯಾರಾದರೂ?

ಕಟ್ಟೆ ಮೇಲಿನವಳು, ಭಾಲ್ಕಿ

ತಮ್ಮನನ್ನು ಕೇಳಬಹುದು. ಎರಡು ವರ್ಷದಲ್ಲಿ ಒಮ್ಮೆಯೂ ಕೇಳಿಲ್ಲ.

ಸಿ ಪಾಳಿ, ಸೇಡಂ

ಇವತ್ತೇ ಕೇಳಿ ಅಕ್ಕಾ.

ನಿದ್ದೆಗೆಟ್ಟವಳು, ಕಲಬುರಗಿ
ಜೂನ್ 17, ಸಂಜೆ 7:20

ಬಹಳ ದಿನ ಆಯ್ತು. ಮಳೆ ಬಂದಿದೆ, ಕಚೇರಿ ಹಳೆ ಹೊತ್ತಿಗೆ ಮರಳಿದೆ. ಸುದ್ದಿ ಹೇಳಿ ಹೋಗೋಣ ಅಂತ ಬಂದೆ.

ಏಪ್ರಿಲ್ ವರದಿಯಲ್ಲಿ ಹಿಮೋಗ್ಲೋಬಿನ್ 8.9 ಇತ್ತು, ನನ್ನಂಥವರಿಗೆ 12 ಇರಬೇಕು. ಫೆರಿಟಿನ್ 9. ಗೋದಾಮು ಖಾಲಿ ಅಂದರು ಡಾಕ್ಟರಮ್ಮ. ಥೈರಾಯ್ಡ್ ಸರಿ ಇತ್ತು. ಕಬ್ಬಿಣದ ಗುಳಿಗೆ ಶುರು ಮಾಡಿದರು, ಮುಟ್ಟು ಹೆಚ್ಚು ಹೋಗುವುದಕ್ಕೆ ಸ್ಕ್ಯಾನ್ ಮಾಡಿ ಬೇರೆ ಔಷಧಿ ಕೊಟ್ಟರು. ಗುಳಿಗೆ ಜೊತೆ ಚಹಾ ಕುಡಿಯಬಾರದು, ಒಂದೆರಡು ತಾಸು ಬಿಡಬೇಕು, ನಿಂಬೆ ಪಾನಕ ಆಗಬಹುದು ಅಂದರು. ಊಟದ ಜೊತೆಯೇ ಚಹಾ ಕುಡಿಯುವ ಮನೆ ನಮ್ಮದು, ಅದನ್ನು ಬಿಡುವುದೇ ಕಷ್ಟವಾಯಿತು. ಮೊದಲ ವಾರ ಮಲ ಕಪ್ಪಾಗಿ ಹೆದರಿದ್ದೆ, ಅದು ಹಾಗೇ ಅಂತೆ. ಸಜ್ಜೆ ರೊಟ್ಟಿ, ಪುಂಡಿಪಲ್ಯ ಜಾಸ್ತಿ ಮಾಡುತ್ತಿದ್ದೇನೆ, ಆದರೆ ಇಷ್ಟು ಇಳಿದ ಮೇಲೆ ಬರೀ ಊಟದಿಂದ ತುಂಬುವುದಿಲ್ಲ ಅಂತ ಅವರೇ ಹೇಳಿದರು. ಮೊನ್ನೆ ನೋಡಿಸಿದಾಗ 10.8. ಇನ್ನೂ ಕೆಲವು ತಿಂಗಳು ನುಂಗಬೇಕು. ಕಾಲಿನ ಇರುವೆ ಮೂರನೇ ವಾರದಿಂದ ಕಮ್ಮಿಯಾಗುತ್ತಾ ಬಂದು ಈಗ ವಾರಕ್ಕೊಮ್ಮೆ ಬಂದು ಹೋಗುತ್ತದೆ.

ಹಗಲು ನಿದ್ದೆ 20 ನಿಮಿಷಕ್ಕೆ ಇಳಿಸಿದೆ. ಮೊದಲ ನಾಲ್ಕು ದಿನ ಅಲಾರಂ ಗೋಡೆಗೆ ಎಸೆಯೋಣ ಅನಿಸಿತ್ತು. ಛತ್ತಿಗೆ ಸುಣ್ಣ ಮೇ ಮೊದಲ ವಾರ ಹಚ್ಚಿಸಿದೆವು. ಮಾಸ್ತರ್ ಸರ್, ಖೋಲಿ ಬೀದರ್ ಆಗಲಿಲ್ಲ, ಆದರೆ ಹನ್ನೊಂದಕ್ಕೆ ಗೋಡೆ ಮುಟ್ಟಿದರೆ ಈಗ ಕೈ ಸುಡುವುದಿಲ್ಲ. ಅತ್ತೆಯ ಗುಳಿಗೆ ಬೆಳಿಗ್ಗೆಗೆ ಬದಲಾಯಿತು, ರಾತ್ರಿ ಒಂದು ಸಲ ಏಳುತ್ತಾರೆ. ಆ ಒಂದು ಸಲ ಈಗ ಅವರ ಮಗನ ಪಾಳಿ. ಎರಡು ಸಲ ಮರೆತರು, ಜಗಳ ಆಯ್ತು.

ಟಾಕಿ ಇಟ್ಟೆವು. ಇಟ್ಟ ಮೇಲೂ ಹತ್ತು ಹದಿನೈದು ದಿನ ನನಗೆ ಖರ್ ಖರ್ ಕೇಳುತ್ತಲೇ ಇತ್ತು. ಎದ್ದು ಹೋಗಿ ಕತ್ತಲಲ್ಲಿ ಟಾಕಿ ಮುಟ್ಟಿ ನೋಡಿ ಬರುತ್ತಿದ್ದೆ. ನಿನ್ನೆ ಬೆಳಿಗ್ಗೆ ಹಲ್ಲುಜ್ಜಲು ಹೋದರೆ ಟಾಕಿ ತುಂಬಿ ಚೆಂಡು ಮೇಲೆ ತೇಲುತ್ತಿತ್ತು. ನೀರು ಯಾವಾಗ ಬಂತು ಅಂತ ಪಕ್ಕದ ಮನೆಯವರನ್ನು ಕೇಳಿದೆ. ಮೂರೂಕಾಲಕ್ಕೆ ಅಂದರು.

ಬೆಟ್ಟದ ಕೆಳಗೆ, ಶಹಾಪುರ

ಒಬ್ಬ ಗಿರಾಕಿ ಕಮ್ಮಿ ಆದರು ನನಗೆ. ಚಲೋ ಆಯ್ತು ಮೇಡಂ.

ಕಟ್ಟೆ ಮೇಲಿನವಳು, ಭಾಲ್ಕಿ

ತಮ್ಮ ಈಗ ಶನಿವಾರ ರಾತ್ರಿ ಬರುತ್ತಾನೆ. ಉಳಿದ ಆರು ರಾತ್ರಿ ಹಾಗೇ ಇವೆ. 14416ಕ್ಕೆ ಎರಡು ಸಲ ಮಾತಾಡಿದೆ.

ಹೊಸ ಸದಸ್ಯ, ಸುರಪುರ
ಜೂನ್ 18

ಮೇಡಂ, ಟಾಕಿಗೆ ಒಟ್ಟು ಎಷ್ಟು ಖರ್ಚು ಬಂತು? ನಮ್ಮ ಮನೆಯಲ್ಲೂ ಇದೇ ಗೋಳು.

ನಿದ್ದೆಗೆಟ್ಟವಳು, ಕಲಬುರಗಿ

ಟಾಕಿ, ವಾಲ್, ಪೈಪ್, ಕೂಲಿ ಎಲ್ಲ ಸೇರಿ 5,600. ಗುಂಡಿ ನಾವೇ ತೋಡಿಕೊಂಡೆವು. ವಾಲ್ ಹಿತ್ತಾಳೆಯದ್ದೇ ಕೇಳಿ ತೆಗೆದುಕೊಳ್ಳಿ. ನಾವು ಮೊದಲು ಪ್ಲಾಸ್ಟಿಕ್ ಹಾಕಿಸಿದ್ದೆವು, ಎರಡನೇ ವಾರಕ್ಕೇ ಸೋರಿ ಅಂಗಳವೆಲ್ಲ ಕೆಸರಾಯ್ತು.